ಕೇಕಿನ ಮೇಲೆ ದೆವ್ವ ಬಿಡಿಸುವ ಬಗೆ

ದೆವ್ವ ಬಿಡಿಸುವುದು ಎಂದರೆ ಮೈಮೇಲೆ ಬಂದದ್ದನ್ನು ಓಡಿಸುವುದು ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಇಲ್ಲಿ ಮಾತ್ರ ಅದನ್ನು ಬೆಣ್ಣೆ, ಸಕ್ಕರೆ, ಚಾಕೊಲೇಟುಗಳಲ್ಲಿ ಚಿತ್ರವಾಗಿ ಬಿಡಿಸುವ ಕೆಲಸ. ದೆವ್ವಗಳ ವೇಷ ತೊಟ್ಟು ಆಚರಿಸುವ ಅಕ್ಟೋಬರ್ 31ರ ಹ್ಯಾಲೋವೀನ್‌ಗೆಂದೋ, ಹುಟ್ಟುಹಬ್ಬಕ್ಕೆಂದೋ ಮನೆಮಂದಿಯೆಲ್ಲ ಸೇರಿ ಇಂಥ ಕೇಕ್ ಅಲಂಕರಿಸಲು ಕುಳಿತಾಗ, ಒಂದೇ ಕೇಕಿನ ಮೇಲೆ ಬಾವಲಿ, ಬುರುಡೆ, ಜೇಡ, ರಕ್ತ ಎಲ್ಲವನ್ನೂ ಪೇರಿಸುವ ಆಸೆ ಸಹಜವಾಗಿ ಹುಟ್ಟುತ್ತದೆ. ಹಾಗೆ ಪೇರಿಸಿದ ಕೇಕ್ ಜಾತ್ರೆಯ ಅಂಗಡಿಯಂತೆ ಕಾಣುತ್ತದೆಯೇ ಹೊರತು ಯಾರನ್ನೂ ಹೆದರಿಸುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ನಮ್ಮನ್ನೇ ನೋಡುತ್ತಿರುವ ಎರಡು ಕಣ್ಣುಗಳಷ್ಟೇ ಸಾಕು, ಮತ್ತು ಅವು ಒಂದಕ್ಕೊಂದು ಸಮವಾಗಿಲ್ಲದಿದ್ದರೆ ಇನ್ನೂ ಒಳ್ಳೆಯದು. ಆದ್ದರಿಂದ ನಡುಗುವ ಕೈಯ ಐದು ವರ್ಷದ ಮಗುವೂ ಈ ಕೆಲಸಕ್ಕೆ ತಕ್ಕ ಕಲಾವಿದನೇ.

ಕೆಲಸವನ್ನು ಎರಡು ದಿನಕ್ಕೆ ಹಂಚಿಕೊಳ್ಳುವುದು ಲೇಸು. ಮೊದಲ ದಿನ ಬೇಯಿಸಿ, ಬಣ್ಣ ಕಲಸಿಟ್ಟು, ಅಲಂಕಾರವನ್ನು ಮರುದಿನಕ್ಕೆ ಉಳಿಸಿಕೊಳ್ಳಬೇಕು. ಹನ್ನೆರಡು ಕಪ್‌ಕೇಕ್‌ಗಳಿಗೆ 125 ಗ್ರಾಂ ಮೆತ್ತನೆಯ ಬೆಣ್ಣೆಯನ್ನು ಅಷ್ಟೇ ತೂಕದ ಸಕ್ಕರೆಯೊಂದಿಗೆ ಹಗುರವಾಗುವವರೆಗೆ ಕಡೆದು, 2 ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ, ಅನಂತರ 100 ಗ್ರಾಂ ಮೈದಾ, 25 ಗ್ರಾಂ ಕೋಕೋ ಪುಡಿ, ಒಂದೂವರೆ ಸಣ್ಣ ಚಮಚ ಬೇಕಿಂಗ್ ಪೌಡರ್ ಮತ್ತು ಚಿಟಿಕೆ ಉಪ್ಪನ್ನು ಜರಡಿ ಹಿಡಿದು ಹಾಕಿ, 3 ದೊಡ್ಡ ಚಮಚ ಹಾಲಿನಿಂದ ಹಿಟ್ಟನ್ನು ಸಡಿಲಗೊಳಿಸಬೇಕು. ಕಾಗದದ ಬಟ್ಟಲುಗಳನ್ನು ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿಸಿ, ಮೊದಲೇ ಕಾಯಿಸಿಟ್ಟ ಓವನ್ನಿನಲ್ಲಿ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 18ರಿಂದ 20 ನಿಮಿಷ ಬೇಯಿಸಿದರೆ ಸಾಕು. ಫ್ಯಾನ್ ಇರುವ ಓವನ್ ಆದರೆ 160 ಡಿಗ್ರಿ. ಮೊಟ್ಟೆ ಬಳಸದವರು ತಮಗೆ ರೂಢಿಯಾದ ಕೇಕನ್ನೇ ಮಾಡಿಕೊಳ್ಳಬಹುದು, ಅಲಂಕಾರಕ್ಕೆ ಅದರಿಂದ ಅಡ್ಡಿಯಿಲ್ಲ. ಪಾತ್ರೆಗೆ ಅಂಟಿದ ಹಸಿ ಹಿಟ್ಟನ್ನು ನೆಕ್ಕಲು ಮಕ್ಕಳು ಕಾದು ನಿಂತಿರುತ್ತಾರೆ. ಹಸಿ ಮೊಟ್ಟೆಯಲ್ಲಿ ಮಾತ್ರವಲ್ಲ, ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ, ಆ ಆಸೆಯನ್ನು ಮರುದಿನದ ಕ್ರೀಮಿನ ಕಡೆಗೆ ತಿರುಗಿಸುವುದೇ ಕ್ಷೇಮ. ಬೆಂದ ಕೇಕ್ ಪೂರ್ತಿ ತಣಿಯಲು ಒಂದು ಗಂಟೆಯಾದರೂ ಬೇಕು. ಕೈಗೆ ಸ್ವಲ್ಪವೇ ಬೆಚ್ಚಗೆ ತಾಗುವ ಕೇಕಿನ ಮೇಲೂ ಬೆಣ್ಣೆ ಕ್ರೀಮ್ ಕರಗಿ ಇಳಿಯುತ್ತದೆ.

ಕ್ರೀಮಿಗೆ 150 ಗ್ರಾಂ ಬೆಣ್ಣೆಯನ್ನು ಒಂದನ್ನೇ ಐದು ನಿಮಿಷ ಕಡೆದು, ಅದು ಬಿಳಿಚಿದ ಮೇಲೆ 300 ಗ್ರಾಂ ಐಸಿಂಗ್ ಸಕ್ಕರೆಯನ್ನು (ಹಿಟ್ಟಿನಷ್ಟು ನುಣ್ಣಗೆ ಪುಡಿಮಾಡಿದ ಸಕ್ಕರೆ) ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಗಟ್ಟಿಯೆನಿಸಿದರೆ ಒಂದೆರಡು ಚಮಚ ಹಾಲು ಹಾಕಬೇಕು. ಇನ್ನು ಬಣ್ಣದ ಮಾತು. ಬಿಳಿ ಕ್ರೀಮಿಗೆ ನೇರವಾಗಿ ಕಪ್ಪು ಬಣ್ಣ ಸುರಿದರೆ ಸಿಗುವುದು ಬೂದಿಯ ಬಣ್ಣ. ಅದನ್ನು ಕಪ್ಪಾಗಿಸಲು ಇನ್ನಷ್ಟು ಸುರಿಯುತ್ತಾ ಹೋದರೆ ರುಚಿ ಕಹಿಯಾಗುತ್ತದೆ, ತಿಂದವರ ನಾಲಿಗೆ ಹಲ್ಲುಗಳೂ ಕಪ್ಪಾಗುತ್ತವೆ. ಆದ್ದರಿಂದ ಮೊದಲು ಎರಡು ಮೂರು ಚಮಚ ಕೋಕೋ ಪುಡಿ ಬೆರೆಸಿ ಕ್ರೀಮನ್ನು ಕಡು ಕಂದು ಮಾಡಿಕೊಂಡು, ಆಮೇಲೆ ಕಪ್ಪು ಜೆಲ್ ಬಣ್ಣವನ್ನು (ಲೋಳೆಯಂತೆ ಗಟ್ಟಿಯಾದ, ತಿನ್ನುವ ಬಣ್ಣ) ತುಸುವೇ ಸೇರಿಸಿ, ಮುಚ್ಚಿ ರಾತ್ರಿಯಿಡೀ ಬಿಡಬೇಕು. ಸಂಜೆ ಕಂದಾಗಿ ಕಂಡದ್ದು ಬೆಳಗಾಗುವಷ್ಟರಲ್ಲಿ ತಾನಾಗಿಯೇ ಗಾಢವಾಗಿರುತ್ತದೆ. ಬೆಣ್ಣೆಯ ಹಳದಿಯಿಂದಾಗಿ ನೀಲಿ ಬಣ್ಣ ಹಸಿರಿನತ್ತ ವಾಲುತ್ತದೆ ಎಂಬುದೂ ನೆನಪಿರಲಿ. ಆ ಹಳದಿಯನ್ನು ಅಡಗಿಸಿ ಹೆಣದಂಥ ಬಿಳುಪು ಬರಿಸಬೇಕಾದರೆ ಟೂತ್‌ಪಿಕ್ ತುದಿಯಲ್ಲಿ ನಿಲ್ಲುವಷ್ಟು ನೇರಳೆ ಬಣ್ಣ ಸಾಕು. ನೀರಿನಂಥ ಬಣ್ಣಗಳು ಕ್ರೀಮನ್ನು ತೆಳುವಾಗಿಸುವುದರಿಂದ ಜೆಲ್ ಬಣ್ಣವೇ ಮೇಲು.

ಎರಡನೆಯ ದಿನವನ್ನು ಜೇಡರ ಬಲೆಯಿಂದ ಆರಂಭಿಸುವುದು ನನಗೆ ಇಷ್ಟ. ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ಫಲ ಕೊಡುವ ಅಲಂಕಾರ ಇನ್ನೊಂದಿಲ್ಲ, ಜೊತೆಗೆ ಅದು ಕೈಚಳಕಕ್ಕಿಂತ ಸಮಯಪ್ರಜ್ಞೆಯನ್ನು ಬೇಡುತ್ತದೆ. 150 ಗ್ರಾಂ ಐಸಿಂಗ್ ಸಕ್ಕರೆಗೆ ನಾಲ್ಕೈದು ಸಣ್ಣ ಚಮಚ ನೀರನ್ನು ಹನಿ ಹನಿಯಾಗಿ ಸೇರಿಸಿ ಕಲಸಬೇಕು. ಚಮಚದಿಂದ ಬಿಟ್ಟ ಎಳೆ ಹತ್ತು ಸೆಕೆಂಡಿನೊಳಗೆ ಮೇಲ್ಮೈಯಲ್ಲಿ ಕರಗಿ ಮಾಯವಾದರೆ ಹದ ಸರಿಯಿದೆ ಎಂದರ್ಥ. ಇದರ ಕಾಲು ಭಾಗವನ್ನು ಕಪ್ಪು ಮಾಡಿ ತುದಿಯಿಂದ ಹಿಂಡಿ ಎಳೆ ಬಿಡುವ ಸಣ್ಣ ಪೈಪಿಂಗ್ ಚೀಲಕ್ಕೆ ತುಂಬಿ, ತುದಿಯನ್ನು ಸೂಜಿಯಷ್ಟೇ ಕತ್ತರಿಸಬೇಕು. ಉಬ್ಬಿದ ತಲೆಯನ್ನು ಕತ್ತರಿಸಿ ಮಟ್ಟಮಾಡಿದ ಕಪ್‌ಕೇಕಿನ ಮೇಲೆ ಬಿಳಿಯದನ್ನು ಒಂದು ಚಮಚ ಹರಡಿ, ತಕ್ಷಣವೇ ಕಪ್ಪಿನಿಂದ ನಡುವೆ ಒಂದು ಚುಕ್ಕೆ, ಅದರ ಸುತ್ತ ಒಂದರ ಹೊರಗೊಂದು ಮೂರು ವೃತ್ತಗಳನ್ನು ಹಾಕಿ, ಟೂತ್‌ಪಿಕ್ಕನ್ನು ನಡುವಿನಿಂದ ಅಂಚಿನವರೆಗೆ ಆರೆಂಟು ಬಾರಿ ಎಳೆದರೆ ಬಲೆ ತಾನಾಗಿಯೇ ಮೂಡುತ್ತದೆ. ಪ್ರತಿ ಸಲ ಎಳೆದ ಮೇಲೂ ತುದಿಯನ್ನು ಒರೆಸಿಕೊಳ್ಳಬೇಕು. ಹನ್ನೆರಡಕ್ಕೂ ಮೊದಲು ಬಿಳಿ ಹಚ್ಚಿಟ್ಟು ಆಮೇಲೆ ಕಪ್ಪು ಹಾಕೋಣ ಎಂದು ಹೊರಟರೆ ಕೆಟ್ಟಿತು, ಏಕೆಂದರೆ ನಿಮಿಷ ಕಳೆಯುವಷ್ಟರಲ್ಲಿ ಅದರ ಮೇಲೆ ಪೊರೆ ಕಟ್ಟಿ, ಎಳೆದ ಕಡೆಯೆಲ್ಲ ಸುಕ್ಕು ಬೀಳುತ್ತದೆ. ಒಬ್ಬರು ಹರಡಲು, ಒಬ್ಬರು ವೃತ್ತ ಹಾಕಲು, ಮತ್ತೊಬ್ಬರು ಎಳೆಯಲು ಎಂದು ಸಾಲಾಗಿ ಕುಳಿತರೆ ಕೆಲಸ ಚುರುಕಾಗಿ ಸಾಗುತ್ತದೆ. ಬಲೆ ಸೊಟ್ಟಗಾಯಿತೆಂದು ಮಗು ಮುಖ ಸಣ್ಣದು ಮಾಡಿದರೆ, ಮನೆಯ ಮೂಲೆಯಲ್ಲಿರುವ ನಿಜವಾದ ಬಲೆಯನ್ನು ತೋರಿಸಬಹುದು. ಅದು ಹುಡುಕಲು ಸಿಗದಷ್ಟು ಮನೆ ಶುಚಿಯಾಗಿದ್ದರೆ ಬೇರೆ ಮಾತು.

ಕಣ್ಣುಗಳಿಗೆ ಬಿಳಿ ಚಾಕೊಲೇಟನ್ನು ಕರಗಿಸಿ ಬಟರ್ ಪೇಪರಿನ ಮೇಲೆ ಚಿಕ್ಕ ಬಿಲ್ಲೆಗಳಾಗಿ ಬಿಟ್ಟು, ಗಟ್ಟಿಯಾದ ಮೇಲೆ ಕಪ್ಪು ಚಾಕೊಲೇಟಿನ ಚುಕ್ಕೆ ಇಡಬೇಕು. ಮೈಕ್ರೋವೇವಿನಲ್ಲಾದರೆ 20 ಸೆಕೆಂಡಿಗೊಮ್ಮೆ ಹೊರತೆಗೆದು ಕಲಕುವುದು ಅಗತ್ಯ. ಒಂದು ಹನಿ ನೀರು ಬಿದ್ದರೂ ಚಾಕೊಲೇಟ್ ಗಂಟುಗಂಟಾಗಿ ಕೆಟ್ಟುಹೋಗುವುದರಿಂದ ಪಾತ್ರೆ, ಚಮಚ, ಮಕ್ಕಳ ಕೈ ಎಲ್ಲವೂ ಒಣಗಿರಬೇಕು. ಚುಕ್ಕೆ ನಡುವೆ ಬೇಡ, ಅಂಚಿಗೆ ಸರಿದಿರಲಿ, ಆಗ ನೋಟಕ್ಕೆ ಕಳ್ಳತನ ಬರುತ್ತದೆ. ಈ ಕಣ್ಣುಗಳು ಸಿದ್ಧವಾದರೆ, ಬಟ್ಟೆ ಸುತ್ತಿದ ಈಜಿಪ್ಟಿನ ಹೆಣವಾದ ಮಮ್ಮಿಗೆ ಹೆಚ್ಚೇನೂ ಬೇಕಿಲ್ಲ: ಚಪ್ಪಟೆ ನಳಿಕೆಯಿಂದ ಬಿಳಿ ಕ್ರೀಮನ್ನು ಬ್ಯಾಂಡೇಜಿನಂತೆ ಅಡ್ಡಾದಿಡ್ಡಿಯಾಗಿ ಸುತ್ತಿ, ನಡುವಿನ ಬಿರುಕಿನಲ್ಲಿ ಎರಡು ಕಣ್ಣು ಹುದುಗಿಸಿದರೆ ಮುಗಿಯಿತು. ‘ನಮ್ಮ ಮಮ್ಮಿ ಹೀಗಿಲ್ಲ’ ಎಂಬ ಹಾಸ್ಯ ಎಲ್ಲ ಮನೆಗಳಲ್ಲೂ ಒಮ್ಮೆ ಬಂದೇ ಬರುತ್ತದೆ.

ಬಿಳಿ ದೆವ್ವಗಳನ್ನು ಮೊಟ್ಟೆಯ ಬಿಳಿಭಾಗದ ಮೆರಾಂಗ್‌ನಿಂದ ಮಾಡಬೇಕು. ಜಿಡ್ಡಿಲ್ಲದ ಪಾತ್ರೆಯಲ್ಲಿ 2 ಮೊಟ್ಟೆಗಳ ಬಿಳಿಭಾಗವನ್ನು ಕೆಲವು ಹನಿ ನಿಂಬೆರಸದೊಂದಿಗೆ ನೊರೆಯಾಗಿಸಿ, 110 ಗ್ರಾಂ ನುಣ್ಣನೆಯ ಸಕ್ಕರೆಯನ್ನು ಒಂದೊಂದೇ ಚಮಚ ಹಾಕುತ್ತಾ, ಬೆರಳುಗಳ ನಡುವೆ ಉಜ್ಜಿದರೆ ಹರಳು ತಾಗದಂತಾಗುವವರೆಗೆ ಕಡೆಯಬೇಕು. ಹಳದಿಯ ಲವಲೇಶ ಬಿದ್ದರೂ ನೊರೆ ಸರಿಯಾಗಿ ಏಳುವುದಿಲ್ಲ. ದುಂಡು ನಳಿಕೆಯಿಂದ ಒತ್ತಿ, ಕೊನೆಯಲ್ಲಿ ಮೇಲಕ್ಕೆ ಸೆಳೆದು ಬಿಟ್ಟರೆ ಬಾಗಿದ ತಲೆಯ ದೆವ್ವ ನಿಲ್ಲುತ್ತದೆ. 100 ಡಿಗ್ರಿಯಲ್ಲಿ ಒಂದೂವರೆ ಗಂಟೆ ಒಣಗಿಸಿ, ಓವನ್ ಆರಿಸಿದ ಮೇಲೂ ಅಲ್ಲೇ ತಣಿಯಲು ಬಿಡಬೇಕು. ಬಿಸಿಯಲ್ಲಿ ಹೊರತೆಗೆದರೆ ಬಿರುಕು ಬಿಡುತ್ತದೆ. ಮುಖವನ್ನು ಆಮೇಲೆ ಚಾಕೊಲೇಟಿನಿಂದ ಬರೆಯಬಹುದು.

ರಕ್ತಕ್ಕೆ ಸ್ಟ್ರಾಬೆರಿ ಜಾಮನ್ನು ಸ್ವಲ್ಪ ನೀರಿನೊಂದಿಗೆ ಬೆಚ್ಚಗೆ ಮಾಡಿ ಸೋಸಿ, ಚಿಟಿಕೆ ಕೋಕೋ ಬೆರೆಸಿದರೆ ಗುಲಾಬಿ ಬಣ್ಣ ಹೋಗಿ ನಿಜದ ಹತ್ತಿರ ಬರುತ್ತದೆ. ರಕ್ತದಲ್ಲಿ ಚುಚ್ಚಿದ ಸಕ್ಕರೆಯ ಗಾಜಿನ ಚೂರುಗಳು ಅದ್ಭುತವಾಗಿ ಕಾಣುತ್ತವೆಯಾದರೂ, ಆ ಪಾಕ ಸುಮಾರು 150 ಡಿಗ್ರಿಯವರೆಗೆ ಕಾಯಬೇಕು ಮತ್ತು ಸಿಡಿದರೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಮಕ್ಕಳಿರುವ ಅಡುಗೆಮನೆಯಲ್ಲಿ ನಾನಂತೂ ಅದಕ್ಕೆ ಕೈಹಾಕುವುದಿಲ್ಲ. ಮುರಿದ ಕೇಕುಗಳನ್ನು ಪುಡಿಮಾಡಿ, 300 ಗ್ರಾಂ ಪುಡಿಗೆ ಮೂರು ಚಮಚ ಕ್ರೀಮಿನಂತೆ ಸೇರಿಸಿ ಉಂಡೆ ಕಟ್ಟಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಬಿಳಿ ಚಾಕೊಲೇಟಿನಲ್ಲಿ ಅದ್ದಿದರೆ ಬುರುಡೆಗಳಾಗುತ್ತವೆ.

ತೀರ ಚಿಕ್ಕ ಮಕ್ಕಳಿದ್ದರೆ ಕಣ್ಣಿಗೆಂದು ಗಟ್ಟಿಯಾದ ದುಂಡು ಮಿಠಾಯಿಗಳನ್ನು ಇಡಬಾರದು, ಅವು ಗಂಟಲಲ್ಲಿ ಸಿಕ್ಕಿಕೊಳ್ಳಬಲ್ಲವು. ಹೊಳೆಯುವ ಪುಡಿಯ ಡಬ್ಬಿಯ ಮೇಲೆ ‘ವಿಷಕಾರಿಯಲ್ಲ’ ಎಂದಿದ್ದರೆ ಸಾಲದು, ‘ತಿನ್ನಲು ಯೋಗ್ಯ’ ಎಂದೇ ಇರಬೇಕು.

ಅಲಂಕರಿಸಿದ ಕೇಕುಗಳನ್ನು ತಂಪಾದ ಕೋಣೆಯಲ್ಲಿ ಮುಚ್ಚಿಟ್ಟರೆ ಮರುದಿನಕ್ಕೂ ಉಳಿಯುತ್ತವೆ. ಸೆಕೆಯಿದ್ದರೆ ಫ್ರಿಜ್ಜಿನಲ್ಲಿಟ್ಟು, ಬಡಿಸುವ ಅರ್ಧ ಗಂಟೆ ಮೊದಲು ಹೊರತೆಗೆಯಬೇಕು. ಮೆರಾಂಗ್ ದೆವ್ವಗಳು ಮಾತ್ರ ಕ್ರೀಮಿನ ತೇವ ಹೀರಿ ಬುಡದಿಂದಲೇ ಕರಗತೊಡಗುವುದರಿಂದ, ಅವು ಗಾಳಿಯಾಡದ ಡಬ್ಬಿಯಲ್ಲೇ ಕಾದಿದ್ದು, ತಟ್ಟೆ ಅಡುಗೆಮನೆಯಿಂದ ಹೊರಡುವ ಹೊತ್ತಿಗೆ ಕೇಕ್ ಏರಬೇಕು.