ಬಯಾಪ್ಸಿ ರಿಪೋರ್ಟಿನಲ್ಲಿ ಕ್ಯಾನ್ಸರ್ ಅಂತ ಬಂದರೆ, ಮೊದಲ ಹದಿನೈದು ದಿನ ಏನು ಮಾಡಬೇಕು?

ಅಮ್ಮನ ಎದೆಯಲ್ಲಿದ್ದ ಗಂಟು ಕ್ಯಾನ್ಸರ್ ಅಂತ ಗೊತ್ತಾದ ದಿನ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಬಂದ ಮೊದಲ ಮಾತು "ಅವರಿಗೆ ಹೇಳೋದು ಬೇಡ". ಮೂರು ದಿನ ಹೇಳಲಿಲ್ಲ. ನಾಲ್ಕನೇ ದಿನ ಅಕ್ಕಿ ಆರಿಸುತ್ತಾ ಕೂತಿದ್ದ ಅಮ್ಮ ಮೊರ ಪಕ್ಕಕ್ಕಿಟ್ಟು, "ಯಾವ ಆಸ್ಪತ್ರೆಗೆ ಹೋಗೋಣ ಅಂತಿದ್ದೀರಾ?" ಅಂತ ಕೇಳಿದರು. ಅವರಿಗೆ ಆಗಲೇ ಗೊತ್ತಿತ್ತು. ಮೂರು ರಾತ್ರಿ ಒಬ್ಬರೇ ಹೆದರಿಕೊಂಡು ಮಲಗಿದ್ದರು. ಅದಕ್ಕೇ ಮೊದಲು ಇದನ್ನೇ ಹೇಳ್ತೀನಿ: ಕಾಯಿಲೆ ಯಾರದ್ದೋ ಅವರಿಗೆ ಹೇಳಿ. ಎಲ್ಲಾ ಒಂದೇ ಸಲ ಬೇಡ, ಅವರು ಕೇಳಿದಷ್ಟು ಹೇಳಿದರೆ ಸಾಕು.

ಆಮೇಲೆ ಒಂದು ಫೈಲ್ ಮಾಡಿ. ರಿಪೋರ್ಟ್, ಸ್ಕ್ಯಾನ್ ಸಿಡಿ, ಬಿಲ್, ಎಲ್ಲಾ ತಾರೀಖಿನ ಪ್ರಕಾರ ಒಂದೇ ಕಡೆ ಇರಲಿ.

ಅದರಲ್ಲಿ ಮುಖ್ಯವಾದದ್ದು ಬಯಾಪ್ಸಿ ರಿಪೋರ್ಟ್, ಅಂದರೆ ಗಂಟಿನಿಂದ ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿದ ರಿಪೋರ್ಟ್. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅಂತ ನೆಂಟರು ಹೆದರಿಸುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಇದು ಯಾವ ಜಾತಿಯ ಕ್ಯಾನ್ಸರ್ ಅಂತ ತಿಳಿಯದೆ ಔಷಧಿ ಕೊಡೋದು ಹೇಗೆ ಹೇಳಿ? ರಿಪೋರ್ಟಿನಲ್ಲಿ 'ಗ್ರೇಡ್' ಅಂತ ಇರುತ್ತದೆ, ಡಾಕ್ಟರು 'ಸ್ಟೇಜ್' ಅಂತ ಬೇರೆ ಹೇಳುತ್ತಾರೆ. ನಾವು ಎರಡೂ ಒಂದೇ ಅಂದುಕೊಂಡು, ಗ್ರೇಡ್ 3 ಅಂತ ಓದಿ ಇಡೀ ರಾತ್ರಿ ಅತ್ತಿದ್ದೆವು. ಗ್ರೇಡ್ ಅಂದರೆ ಕ್ಯಾನ್ಸರ್ ಕಣಗಳು ಮಾಮೂಲಿ ಕಣಗಳಿಗಿಂತ ಎಷ್ಟು ಬೇರೆಯಾಗಿ ಕಾಣುತ್ತವೆ ಅನ್ನೋದು. ಸ್ಟೇಜ್ ಅಂದರೆ ಅದು ಎಷ್ಟು ದೊಡ್ಡದಾಗಿದೆ, ಎಲ್ಲಿಗೆ ಹರಡಿದೆ ಅನ್ನೋದು. ಸ್ತನ ಕ್ಯಾನ್ಸರ್ ಆದರೆ ಇಆರ್, ಪಿಆರ್, ಹರ್-2 ಅನ್ನೋ ಮೂರು ಟೆಸ್ಟಿನ ಫಲಿತಾಂಶ ಇದೆಯಾ ನೋಡಿ, ಯಾವ ಔಷಧಿ ಕೆಲಸ ಮಾಡುತ್ತದೆ ಅನ್ನೋದು ಬಹುಪಾಲು ಅದರ ಮೇಲೇ ನಿಂತಿರುತ್ತದೆ.

ಇನ್ನೊಂದು ವಿಷಯ ನಮಗೆ ಯಾರೂ ಹೇಳಿರಲಿಲ್ಲ. ತೆಗೆದ ತುಣುಕನ್ನು ಲ್ಯಾಬಿನವರು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಅಂತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಅದರಲ್ಲಿ ಬಿಳಿ ಮೇಣ, ನಡುವೆ ಅಕ್ಕಿಕಾಳಿನಷ್ಟು ಕಂದು ಚೂರು, ಅಂಚಿನಲ್ಲಿ ಒಂದು ನಂಬರ್. ಬೇರೆ ಡಾಕ್ಟರ ಅಭಿಪ್ರಾಯ ಕೇಳಬೇಕಾದರೆ ಅವರು ರಿಪೋರ್ಟ್ ಜೊತೆ ಬ್ಲಾಕ್ ಮತ್ತು ಸ್ಲೈಡನ್ನೂ (ಆ ಚೂರಿನ ತೆಳು ಪದರ ಅಂಟಿಸಿದ ಗಾಜಿನ ಪಟ್ಟಿ) ಕೇಳುವುದು ಜಾಸ್ತಿ. ನಮಗೆ ಗೊತ್ತಿಲ್ಲದೆ ಬರಿಗೈಯಲ್ಲಿ ಹೋಗಿ, ಅದನ್ನು ತರೋಕೆ ಮತ್ತೆ ಊರಿಗೆ ವಾಪಸ್ ಬಂದೆವು, ಒಂದು ವಾರ ಸುಮ್ನೆ ಹೋಯಿತು. ನೀವು ಮೊದಲೇ ಅರ್ಜಿ ಕೊಟ್ಟು ಇಸ್ಕೊಳ್ಳಿ. ಎರಡನೇ ಅಭಿಪ್ರಾಯ ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರೆ ಅನ್ನೋ ಸಂಕೋಚವೂ ಬೇಡ.

ಡಾಕ್ಟರ ಹತ್ತಿರ ಹೋಗುವಾಗ ಪ್ರಶ್ನೆ ಬರೆದುಕೊಂಡು ಹೋಗಿ, ಒಳಗೆ ಹೋದ ಕೂಡಲೇ ಎಲ್ಲಾ ಮರೆತುಹೋಗುತ್ತದೆ. ಗುಣ ಮಾಡೋಕೆ ಕೊಡುವ ಚಿಕಿತ್ಸೆಯಾ, ಹತೋಟಿಯಲ್ಲಿಡೋಕೆ ಕೊಡುವುದಾ? ಆಪರೇಷನ್ ಮೊದಲಾ, ಕೀಮೋ ಮೊದಲಾ? ಒಟ್ಟು ಎಷ್ಟು ತಿಂಗಳು? ನಮ್ಮ ಕಡೆ 'ಕರೆಂಟ್ ಕೊಡೋದು' ಅಂತಾರಲ್ಲ, ಅದು ರೇಡಿಯೇಶನ್. ಹೆಸರು ಕೇಳಿ ಅಮ್ಮ ತುಂಬಾ ಹೆದರಿದ್ದರು. ಶಾಕ್ ಹೊಡೆಯೋದಿಲ್ಲ, ಕೊಡುವಾಗ ನೋವೂ ಆಗೋದಿಲ್ಲ, ಎಕ್ಸ್‌ರೇಗೆ ಮಲಗಿದ ಹಾಗೆ ಮಲಗಿದ್ದರೆ ಸಾಕು.

ದುಡ್ಡಿನ ವಿಷಯ ಚಿಕಿತ್ಸೆ ಶುರುವಾಗುವ ಮೊದಲೇ ವಿಚಾರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) 30%, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳೋಕೆ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಆಧಾರ್ ಮತ್ತು ರೇಷನ್ ಕಾರ್ಡ್ ಹಿಡಿದು ಮೊದಲು ಅವರನ್ನು ನೋಡಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸರ್ಕಾರದ್ದೇ, ಕಲಬುರಗಿಯಲ್ಲೂ ಅದರ ಕೇಂದ್ರ ಇದೆ. ರೈಲಿನಲ್ಲಿ ಓಡಾಡುವವರು ಆಸ್ಪತ್ರೆಯಿಂದ ರಿಯಾಯಿತಿ ಫಾರಂ ಬರೆಸಿಕೊಳ್ಳಿ, ಚಿಕಿತ್ಸೆಗೆ ಹೋಗಿಬರುವಾಗ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ರೋಗಿಗೆ ಪೂರ್ತಿ ಮಾಫಿ, ಜೊತೆಗಿರುವವರಿಗೆ 75%.

ನಾಟಿ ಔಷಧಿ ಬಗ್ಗೆ ಹತ್ತು ಜನ ಹತ್ತು ಥರ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ಅದನ್ನು ನಂಬಿ ಆಸ್ಪತ್ರೆ ಚಿಕಿತ್ಸೆ ಮುಂದಕ್ಕೆ ಹಾಕಬೇಡಿ, ದಯವಿಟ್ಟು. ಏನಾದರೂ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ, ಕೀಮೋ ಜೊತೆ ಸೇರಿ ಲಿವರಿಗೆ ತೊಂದರೆ ಆಗಬಹುದು.

ಮನಸ್ಸಿಗೆ ಆಸರೆ ಬೇಕೇ ಬೇಕು, ನೋಡಿಕೊಳ್ಳುವವರಿಗೂ ಸಹ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ನೋವು ಜಾಸ್ತಿ ಇದ್ದರೆ ಪ್ಯಾಲಿಯೇಟಿವ್ ವಿಭಾಗ, ಅಂದರೆ ನೋವು-ಸಂಕಟ ಕಡಿಮೆ ಮಾಡುವ ವಿಭಾಗ, ಎಲ್ಲಿದೆ ಅಂತ ಶುರುವಿನಲ್ಲೇ ಕೇಳಿ, ಅದು ಕೊನೆಗಾಲದವರಿಗೆ ಮಾತ್ರ ಅಂತೇನಿಲ್ಲ. ಕಾಯಿಲೆ ತುಂಬಾ ಮುಂದುವರಿದವರನ್ನು ಬೆಂಗಳೂರಿನ ಕರುಣಾಶ್ರಯದಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ. ನಮ್ಮ ಅಮ್ಮನಿಗೆ ಎಲ್ಲಕ್ಕಿಂತ ಧೈರ್ಯ ಬಂದಿದ್ದು ಕೀಮೋ ವಾರ್ಡಿನಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಒಬ್ಬರಿಂದ. ಅವರು ತಲೆಯ ಸೆರಗು ಸರಿಸಿ, ಹೊಸದಾಗಿ ಚಿಗುರುತ್ತಿದ್ದ ಕೂದಲಿನ ಮೇಲೆ ಅಮ್ಮನ ಕೈ ಇಡಿಸಿ, "ನೋಡಿ, ಬರುತ್ತೆ" ಅಂದರು.

ಕೀಮೋ ಶುರುವಾಗೋ ಮೊದಲು ಮನೆಗೆ ಒಂದು ಥರ್ಮಾಮೀಟರ್ ತನ್ನಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ, ಎಷ್ಟೇ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಿ. ಫೈಲ್ ಬಾಗಿಲ ಹತ್ತಿರವೇ ಇರಲಿ.