ಸಣ್ಣ ಉಪಗ್ರಹಗಳು ಯಾಕೆ ಗುಂಡಗಿರುವುದಿಲ್ಲ? ಎರಿ ಮಣ್ಣು, ಉಸುಕು, ಇಟ್ಟಂಗಿಯಲ್ಲಿ ತೋರಿಸುವ ಬಗೆ

ವಿಜ್ಞಾನ ಮೇಳದ ಸೌರಮಂಡಲದ ಮಾದರಿಗಳಲ್ಲಿ ಎಲ್ಲವೂ ಥರ್ಮೋಕೋಲ್ ಚೆಂಡುಗಳೇ. ಮಂಗಳನ ಉಪಗ್ರಹ ಫೋಬೋಸ್ ಕೂಡ ಅಲ್ಲಿ ಗುಂಡಗೆ ತೂಗುತ್ತಿರುತ್ತದೆ. ಅಸಲಿಗೆ ಅದು 27 × 22 × 18 ಕಿ.ಮೀ. ಅಳತೆಯ ಸೊಟ್ಟ ಗಡ್ಡೆ. ಸರಾಸರಿ ಅಡ್ಡಗಲ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಗಿಂತ ಒಂಚೂರು ಹೆಚ್ಚು, ಅಷ್ಟೇ. ಮಂಗಳಯಾನ 2020ರ ಜುಲೈ 1ರಂದು ಸುಮಾರು 4,200 ಕಿ.ಮೀ. ದೂರದಿಂದ ಅದರ ಫೋಟೊ ತೆಗೆದಿದೆ. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಟೇಬಲ್ ಹಿಂದೆ ಅಂಟಿಸಿ, ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.

ಯಾಕೆ ಸೊಟ್ಟ ಎಂದು ಕೇಳಿದರೆ ಮಕ್ಕಳು ಸಾಮಾನ್ಯವಾಗಿ ಕೊಡುವ ಉತ್ತರ, "ಅಲ್ಲಿ ಗಾಳಿ-ನೀರು ಇಲ್ಲರೀ ಸರ್, ಸವಿಯಂಗಿಲ್ಲ." ಹಾಗಾದರೆ ಚಂದ್ರನೂ ಸೊಟ್ಟಗಿರಬೇಕಿತ್ತು, ಅಲ್ಲಿಯೂ ಗಾಳಿ-ನೀರಿಲ್ಲ. ವ್ಯತ್ಯಾಸ ಇರುವುದು ಗಾತ್ರದಲ್ಲಿ. ಕಾಯದ ಸ್ವಂತ ಗುರುತ್ವ ಅದರ ಎಲ್ಲ ಭಾಗವನ್ನೂ ನಡುವಿಗೆ ಜಗ್ಗುತ್ತದೆ, ಕಲ್ಲಿನ ಬಿಗಿ ಅದಕ್ಕೆ ಅಡ್ಡ ನಿಲ್ಲುತ್ತದೆ. ಗಾತ್ರ ಹೆಚ್ಚಿದಂತೆ ಜಗ್ಗಾಟ ಏರುತ್ತ ಹೋಗುತ್ತದೆ, ಕಲ್ಲಿನ ಬಿಗಿ ಮಾತ್ರ ಇದ್ದಷ್ಟೇ ಇರುತ್ತದೆ. ಕೆಸರಿನಲ್ಲಿ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಬಹುದು.

ಒಂದೇ ಮಣ್ಣು, ನಾಲ್ಕು ಅಳತೆ

ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರಿ ಮಣ್ಣು (ಕಪ್ಪು ಜಿಗುಟು ಮಣ್ಣು) 25 ಕೆ.ಜಿ. ಬೇಕು, ಚೆನ್ನಾಗಿ ಒಣಗಿರಲಿ. ಧಾರವಾಡದ ಪಡುವಣ ಬದಿಯ ಕೆಂಪು ಮಣ್ಣು ಬೇಡ. ಅದರಲ್ಲಿ ಹರಳು ಹೆಚ್ಚು, ನೀರು ಬೇಗ ಬಿಟ್ಟುಕೊಡುತ್ತದೆ, ಒಂದೇ ಹದ ಸಿಗುವುದಿಲ್ಲ. ಹೆಂಟೆ ಒಡೆದು 2 ಮಿ.ಮೀ. ಕಣ್ಣಿನ ಸಾಣಿಗೆಯಲ್ಲಿ ಸೋಸಿ. ದೊಡ್ಡ ಬುಟ್ಟಿಯಲ್ಲಿ (ಟಬ್) 13 ಲೀಟರ್ ನೀರು ಹಾಕಿ, ಅದರ ಮೇಲೆ ಮಣ್ಣನ್ನು ಉದುರಿಸುತ್ತ ಬನ್ನಿ. ಮಣ್ಣಿನ ಮೇಲೆ ನೀರು ಸುರಿದರೆ ಹೊರಗೆ ಜಿಗುಟು ಕಟ್ಟಿ ಒಳಗೆ ಒಣ ಗಂಟು ಉಳಿಯುತ್ತದೆ. ಒದ್ದೆ ಗೋಣಿಚೀಲ ಮುಚ್ಚಿ ಒಂದು ರಾತ್ರಿ ಬಿಡಿ. ಎರಿ ಮಣ್ಣು ನಿಧಾನವಾಗಿ ನೀರು ಹೀರಿ ಉಬ್ಬುತ್ತದೆ, ಆ ಹೊತ್ತು ಕೊಡದಿದ್ದರೆ ಬೆಳಗ್ಗೆ ಸರಿ ಎನಿಸಿದ ಹದ ಮಧ್ಯಾಹ್ನಕ್ಕೆ ಗಟ್ಟಿಯಾಗಿರುತ್ತದೆ.

ಅಚ್ಚುಗಳಿಗೆ ಪಿವಿಸಿ ಪೈಪಿನ ಮೂರು ತುಂಡು ಸಾಕು: ಒಳ ಅಡ್ಡಗಲ ಸುಮಾರು 3, 6, 10 ಸೆಂ.ಮೀ. ಎತ್ತರವನ್ನೂ ಅಡ್ಡಗಲದಷ್ಟೇ ಇಟ್ಟು ಕತ್ತರಿಸಿ, ಇಲ್ಲವಾದರೆ ಹೋಲಿಕೆಗೆ ಅರ್ಥವಿಲ್ಲ. ನಾಲ್ಕನೆಯದು 30 ಸೆಂ.ಮೀ.ನದು. 30 ಸೆಂ.ಮೀ. ಅಗಲ, 96 ಸೆಂ.ಮೀ. ಉದ್ದದ ತಗಡನ್ನು ಸುತ್ತಿ ಬೈಂಡಿಂಗ್ ವೈರ್‌ನಿಂದ ಬಿಗಿಯಿರಿ. ಪೈಪುಗಳನ್ನು ಉದ್ದಕ್ಕೆ ಎರಡು ಸೀಳಾಗಿ ಹ್ಯಾಕ್‌ಸಾದಲ್ಲಿ ಕೊಯ್ದು ರಬ್ಬರ್ ಬ್ಯಾಂಡ್ ಹಾಕಿ. ಸೀಳದೆ ಮೇಲಕ್ಕೆತ್ತಿದರೆ ಎರಿ ಮಣ್ಣು ಪೈಪಿಗೆ ಕಚ್ಚಿಕೊಂಡು ತಾನೂ ಮೇಲೆ ಬಂದು ಹರಿಯುತ್ತದೆ. ಒಳಗೆ ತೆಳ್ಳಗೆ ಎಣ್ಣೆ ಸವರುವುದು ಕಡ್ಡಾಯ.

ಇನ್ನು ಹದ. ಬೆಳಗ್ಗೆ ಕಾಲಿನಿಂದ ತುಳಿದು, ಅರ್ಧ ಅರ್ಧ ಲೀಟರ್ ನೀರು ಸೇರಿಸುತ್ತ, ಪ್ರತಿ ಸಲ 10 ಸೆಂ.ಮೀ.ನ ಅಚ್ಚಿನಲ್ಲಿ ತುಂಬಿ ಬಿಚ್ಚಿ ನೋಡಿ. ತುಂಬುವಾಗ ಬೆರಳಿನಿಂದ ಒತ್ತಿ ಗಾಳಿ ಹೊರಡಿಸಿ. ಅದು 3ರಿಂದ 5 ಮಿ.ಮೀ. ಮಾತ್ರ ಕುಸಿದರೆ ಹದ ಬಂತು. ಒಟ್ಟು ನೀರು 15ರಿಂದ 18 ಲೀಟರ್ ಹಿಡಿಯಬಹುದು, ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ಲೀಟರ್ ಲೆಕ್ಕಕ್ಕಿಂತ ಕುಸಿತದ ಲೆಕ್ಕವನ್ನೇ ನಂಬಿ.

ಈಗ ನಾಲ್ಕನ್ನೂ ತುಂಬಿ ಒಟ್ಟಿಗೆ ಬಿಚ್ಚಿ. 3 ಮತ್ತು 6 ಸೆಂ.ಮೀ.ನವು ಅಂಚು ಕೂಡ ಮಾಸದೆ ನಿಲ್ಲುತ್ತವೆ. 30 ಸೆಂ.ಮೀ.ನದು ಹೊಟ್ಟೆ ಉಬ್ಬಿಸಿಕೊಂಡು 17–18 ಸೆಂ.ಮೀ.ಗೆ ಇಳಿಯುತ್ತದೆ. ಮಣ್ಣು ಅದೇ, ನೀರು ಅದೇ. ಚಿಕ್ಕದು 34 ಗ್ರಾಂ, ದೊಡ್ಡದು 34 ಕೆ.ಜಿ.: ತೂಕ ಸಾವಿರ ಪಟ್ಟು, ತೂಕ ಹೊರುವ ಬುಡ ನೂರೇ ಪಟ್ಟು. ಆದ್ದರಿಂದ ಪ್ರತಿ ಚದರ ಸೆಂ.ಮೀ. ಮೇಲೆ ಬೀಳುವ ಭಾರ ಹತ್ತು ಪಟ್ಟು. ಬಾಹ್ಯಾಕಾಶದಲ್ಲಿ ಇದು ಇನ್ನೂ ಜೋರು. ಕಾಯ ಹತ್ತು ಪಟ್ಟು ದೊಡ್ಡದಾದರೆ ಅದರ ಗುರುತ್ವವೂ ಹತ್ತು ಪಟ್ಟಾಗುತ್ತದೆ, ಹೀಗಾಗಿ ನಡುವಿನ ಒತ್ತಡ ನೂರು ಪಟ್ಟು.

ನೋಡಲು ಬಂದವರು ಒಂದು ಪ್ರಶ್ನೆ ಎತ್ತಿಯೇ ಎತ್ತುತ್ತಾರೆ: ಕುಸಿದದ್ದು ರೊಟ್ಟಿಯಂತಾಯಿತಲ್ಲ, ಚೆಂಡೆಲ್ಲಿ? ಟೇಬಲ್ ಮೇಲೆ ಎಳೆತ ಒಂದೇ ದಿಕ್ಕಿಗೆ, ಕೆಳಕ್ಕೆ. ಆಕಾಶಕಾಯದಲ್ಲಿ ಎಲ್ಲ ಕಡೆಯಿಂದಲೂ "ಕೆಳಗೆ" ಎಂದರೆ ನಡು. ಎಲ್ಲ ಕಡೆಯ ಉಬ್ಬು ನಡುವಿನತ್ತ ಇಳಿದಾಗ ಉಳಿಯುವುದು ಗೋಲ.

ಲೆಕ್ಕ, ಮತ್ತು ಅದು ಎಲ್ಲಿ ಕೈಕೊಡುತ್ತದೆ

ಬೋರ್ಡ್ ಮೇಲೆ ಈ ಸೂತ್ರ ಬರೆಯಿರಿ:

ನಡುವಿನ ಒತ್ತಡ = (ಸಾಂದ್ರತೆ × ತ್ರಿಜ್ಯ)² ÷ 700

ಸಾಂದ್ರತೆ ಘನ ಸೆಂ.ಮೀ.ಗೆ ಗ್ರಾಂನಲ್ಲಿ, ತ್ರಿಜ್ಯ ಕಿ.ಮೀ.ನಲ್ಲಿ ಹಾಕಿದರೆ ಉತ್ತರ ಚದರ ಸೆಂ.ಮೀ.ಗೆ ಇಷ್ಟು ಕೆ.ಜಿ. ಎಂದು ಬರುತ್ತದೆ. ಫೋಬೋಸ್‌ಗೆ 1.87 ಮತ್ತು 11 ಹಾಕಿ: ಸುಮಾರು 0.6 ಕೆ.ಜಿ. ಅಂದರೆ 11 ಅಡಿ ಎತ್ತರದ ಇಟ್ಟಂಗಿ ಗೋಡೆಯ ಬುಡದಲ್ಲಿ ಎಷ್ಟು ಒತ್ತಡವೋ, ಇಡೀ ಒಂದು ಉಪಗ್ರಹದ ನಟ್ಟನಡುವೆ ಅಷ್ಟೇ! ಸಾಧಾರಣ ಸುಟ್ಟ ಇಟ್ಟಂಗಿಯೇ 35 ಕೆ.ಜಿ. ತಡೆಯುತ್ತದೆ, ಗ್ರಾನೈಟ್ ಸಾವಿರದ ಮೇಲೆ. ಫೋಬೋಸ್ ದುಂಡಗಾಗಲು ಕಾರಣವೇ ಇಲ್ಲ. 940 ಕಿ.ಮೀ. ಅಡ್ಡಗಲದ ಕುಬ್ಜಗ್ರಹ ಸೆರೆಸ್‌ಗೆ (ಸಾಂದ್ರತೆ 2.16) ಇದೇ ಲೆಕ್ಕ ಹಾಕಿದರೆ 1,470ರ ಆಸುಪಾಸು. ಅದು ಗುಂಡಗಿದೆ.

ಇಲ್ಲಿಗೆ ನಿಲ್ಲಿಸಿದರೆ ಚೆಂದ, ಆದರೆ ಅರ್ಧಸತ್ಯ. ಶನಿಯ ಉಪಗ್ರಹ ಮೀಮಾಸ್‌ಗೆ ಬರುವುದು 74 ಮಾತ್ರ, ಆದರೂ ಗುಂಡಗಿದೆ. ಕ್ಷುದ್ರಗ್ರಹ ವೆಸ್ಟಾಗೆ 1,170 ಬರುತ್ತದೆ, ಆದರೂ ಪೂರ್ತಿ ಗುಂಡಗಿಲ್ಲ. ಮೀಮಾಸ್ ಹೆಚ್ಚಾಗಿ ಹಿಮದ್ದು. ಹಿಮ ಕಲ್ಲಿಗಿಂತ ಎಷ್ಟೋ ಕಡಿಮೆ ಶಾಖಕ್ಕೇ ಮೆತ್ತಗಾಗಿ ನಿಧಾನವಾಗಿ ಹರಿಯುತ್ತದೆ. ವೆಸ್ಟಾ ಮೊದಲು ಒಳಗೆ ಕರಗಿ ದುಂಡಗಾಗಿತ್ತು. ತಣಿದು ಬಿಗಿಯಾದ ಮೇಲೆ ದಕ್ಷಿಣ ಧ್ರುವದ ಬಳಿ ಭಾರಿ ಹೊಡೆತ ಬಿದ್ದು ಸುಮಾರು 500 ಕಿ.ಮೀ. ಅಗಲದ ರಿಯಾಸಿಲ್ವಿಯಾ ಕುಳಿ ಆಯಿತು, ಮತ್ತೆ ದುಂಡಗಾಗುವಷ್ಟು ಶಾಖ ಉಳಿದಿರಲಿಲ್ಲ. ನೆಪ್ಚೂನ್‌ನ ಪ್ರೋಟಿಯಸ್ ಸುಮಾರು 420 ಕಿ.ಮೀ., ಮೀಮಾಸ್‌ಗಿಂತ ದೊಡ್ಡದು, ಆದರೂ ಸೊಟ್ಟ. ಹಾಗಾಗಿ "400 ಕಿ.ಮೀ. ದಾಟಿದರೆ ಗುಂಡಗೆ" ಎಂದು ಚಾರ್ಟ್ ಮೇಲೆ ಗೆರೆ ಎಳೆಯಬೇಡಿ. ಹಿಮಕ್ಕೆ ಒಂದು, ಕಲ್ಲಿಗೆ ಒಂದು ಅಗಲವಾದ ಪಟ್ಟಿ ಬಳಿಯಿರಿ. ಭೂಮಿಗೂ ಈ ಸೂತ್ರ ಹಾಕಲು ಹೋಗಬೇಡಿ. ಒಳಗೆ ಭಾರದ ಕಬ್ಬಿಣ ಇರುವುದರಿಂದ ನಿಜವಾದ ಒತ್ತಡದ ಅರ್ಧದಷ್ಟೇ ಉತ್ತರ ಬರುತ್ತದೆ.

ಉಸುಕಿನ ರಾಶಿ

ಇಟೊಕಾವಾ, ಬೆನ್ನು (Bennu) ಎಂಬ ಹೆಸರಿನವುಗಳಂಥ ಸಣ್ಣ ಕ್ಷುದ್ರಗ್ರಹಗಳು ಇಡಿಯಾದ ಬಂಡೆಗಳಲ್ಲ, ಒಡೆದ ಚೂರುಗಳ ರಾಶಿ. 2020ರ ಅಕ್ಟೋಬರ್‌ನಲ್ಲಿ ಬೆನ್ನುವನ್ನು ಮುಟ್ಟಿದ ನೌಕೆಯ ತೋಳು ಅರ್ಧ ಮೀಟರಿನಷ್ಟು ಒಳಗೆ ಇಳಿಯಿತು. ಅಂಟು ಇಲ್ಲದ ರಾಶಿ ದುಂಡಗಾಗಬೇಕಿತ್ತಲ್ಲವೇ?

ತುಂಗಭದ್ರೆಯ ಉಸುಕಾಗಲಿ, ಎಂ-ಸ್ಯಾಂಡ್ ಆಗಲಿ, 5 ಕೆ.ಜಿ. ತೆಗೆದುಕೊಂಡು ಲಾಳಿಕೆಯಿಂದ ನಿಧಾನವಾಗಿ ಸುರಿಯಿರಿ. ಎತ್ತರವನ್ನು ಎರಡರಿಂದ ಗುಣಿಸಿ ಬುಡದ ಅಡ್ಡಗಲದಿಂದ ಭಾಗಿಸಿ. ಸುಮಾರು 0.65–0.7 ಬರುತ್ತದೆ, ಅಂದರೆ 33–35 ಡಿಗ್ರಿ ಇಳಿಜಾರು. ಆಮೇಲೆ ಒಂದು ಹಿಡಿ ಉಸುಕಿನಲ್ಲಿ ಅದೇ ಅಳತೆ ಮಾಡಿ, ಕೋನ ಬದಲಾಗುವುದಿಲ್ಲ. ಕಣಗಳ ತಿಕ್ಕಾಟವೇ ಆ ಇಳಿಜಾರನ್ನು ಹಿಡಿದಿಡುತ್ತದೆ. 535 × 294 × 209 ಮೀ.ನ ಇಟೊಕಾವಾ ಗೋಲವಾಗದೆ ಉಳಿದಿರುವುದೂ ಹೀಗೆಯೇ. ಮಳೆಗಾಲದಲ್ಲಿ ಉಸುಕನ್ನು ಬಾಣಲೆಯಲ್ಲಿ ಹುರಿದು ಆರಿಸಿಯೇ ಬಳಸಿ. ತೇವ ಇದ್ದರೆ ಕೋನ 45 ದಾಟಿ ಲೆಕ್ಕವೆಲ್ಲ ಕೆಡುತ್ತದೆ.

ಒಡೆದ ಇಟ್ಟಂಗಿ

ಸಣ್ಣ ಕಾಯಗಳ ಆಕಾರ ಒಡೆದ ಚೂರುಗಳ ಆಕಾರಕ್ಕೆ ಎಷ್ಟು ಹತ್ತಿರ ಎಂದು ನೋಡುವ ಕೆಲಸ ಇದು, ಬೇಗ ಮುಗಿಯುತ್ತದೆ. ನಾಲ್ಕೈದು ಇಟ್ಟಂಗಿಗಳನ್ನು ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಒಡೆಯಿರಿ. ಕಣ್ಣಿಗೆ ಕನ್ನಡಕ ಇರಲಿ. 2 ಸೆಂ.ಮೀ.ಗಿಂತ ದೊಡ್ಡ 30 ಚೂರು ಆರಿಸಿ, ಕಣ್ಣಿಗೆ ಚೆಂದ ಕಂಡವನ್ನೇ ಹೆಕ್ಕಬೇಡಿ. ಉದ್ದ, ಅಗಲ, ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು, ಉದ್ದವನ್ನು 1 ಎಂದಿಟ್ಟುಕೊಂಡು ಅನುಪಾತದ ಸರಾಸರಿ ತೆಗೆಯಿರಿ. ಪ್ರಯೋಗಾಲಯಗಳಲ್ಲಿ ಗುಂಡು ಹೊಡೆದು ಒಡೆದ ಕಲ್ಲಿನ ಚೂರುಗಳ ಸರಾಸರಿ 1 : 0.7 : 0.5ರ ಸುತ್ತ ಬರುತ್ತದೆ, ನಿಮ್ಮದೂ ಅದರಿಂದ ಬಹಳ ದೂರ ಹೋಗಲಾರದು. ಪಕ್ಕದಲ್ಲಿ ಫೋಬೋಸ್ 1 : 0.81 : 0.67, ಇಟೊಕಾವಾ 1 : 0.55 : 0.39 ಎಂದು ಬರೆದಿಡಿ. ಚೂರಿನ ಸಾಲಿಗೆ ಸೇರಿಸಲು ಹೋದರೆ ಕ್ಷುದ್ರಗ್ರಹ ಏರೋಸ್ (34 × 11 × 11 ಕಿ.ಮೀ.) ತೀರಾ ಉದ್ದ, ಅದನ್ನು ಬೇರೆಯೇ ತೋರಿಸಿ.

ಮೇಳದ ದಿನ 30 ಸೆಂ.ಮೀ.ನ ಅಚ್ಚನ್ನು ತುಂಬಿಯೇ ಇಟ್ಟು, ನೋಡುವವರು ಸೇರಿದಾಗ ಬಿಚ್ಚಿ. ಕುಸಿತ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ, ತಡವಾಗಿ ಬಂದವರಿಗೆ ಕಾಣುವುದು ಕೆಸರಿನ ಗುಡ್ಡೆ ಮಾತ್ರ. ಮತ್ತೆ ತುಂಬುವ ಮೊದಲು 10 ಸೆಂ.ಮೀ.ನ ಅಚ್ಚಿನಲ್ಲಿ ಹದ ನೋಡಿ. ಬಿಸಿಲಿಗೆ ಗಟ್ಟಿಯಾಗಿದ್ದರೆ ಒಂದು ಚರಿಗೆ ನೀರು ಹಾಕಿ ತುಳಿಯಿರಿ. ಟೇಬಲ್ 40 ಕೆ.ಜಿ. ಹೊರುತ್ತದೆಯೇ ಎಂಬುದನ್ನು ಹಿಂದಿನ ದಿನವೇ ನೋಡಿಕೊಳ್ಳಿ.