ಸೋರುವ ಡೆಕ್, ನಾಲ್ಕು ಬೋಲ್ಟ್, ಒಂದು ಸುರುಳಿ ಬ್ಯೂಟೈಲ್

ಮಳೆ ಬಂದ ಮರುದಿನ ಬೆಳಿಗ್ಗೆ ನನ್ನ ದೋಣಿಯ ಕ್ಯಾಬಿನ್ನಿನ ಹಾಸಿಗೆಯ ಮೂಲೆ ಮುಟ್ಟಿ ನೋಡುವುದು ನನಗೆ ಅಭ್ಯಾಸವೇ ಆಗಿಹೋಗಿತ್ತು. ಪ್ರತಿ ಸಲ ಒದ್ದೆ. ಹಾಸಿಗೆಯ ಮೇಲ್ಗಡೆ ಕಿಟಕಿ ಇತ್ತು. ಹಾಗಾಗಿ ಕಿಟಕಿಯೇ ಸೋರುತ್ತಿದೆ ಎಂದುಕೊಂಡು ಅದರ ಸುತ್ತ ಸಿಲಿಕೋನ್ ಹಚ್ಚಿದೆ. ಒಂದು ತಿಂಗಳು ಬಿಟ್ಟು ಮತ್ತೆ ಒದ್ದೆ, ಮತ್ತೆ ಸಿಲಿಕೋನ್. ಎರಡು ವರ್ಷ ಹೀಗೇ ನಡೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು. ಆ ಕಿಟಕಿ ಒಂದು ತೊಟ್ಟೂ ಸೋರುತ್ತಿರಲಿಲ್ಲ.

ನನ್ನದು ಫೈಬರ್ ದೋಣಿ. ಡೆಕ್ಕಿನ, ಅಂದರೆ ಓಡಾಡುವ ಮೇಲ್ಭಾಗದ, ಮೇಲಿನ ಹಾಳೆಗೂ ಕೆಳಗಿನ ಹಾಳೆಗೂ ನಡುವೆ ಬಾಲ್ಸಾ ಮರದ ತುಂಡುಗಳನ್ನು ಕೂರಿಸಿರುತ್ತಾರೆ. ಡೆಕ್ ಹಗುರವಾಗಿಯೂ ಗಟ್ಟಿಯಾಗಿಯೂ ಇರಲಿ ಅಂತ. ಇಂಥ ಡೆಕ್ಕಿನಲ್ಲಿ ನೀರು ಒಳಗೆ ಇಳಿಯುವ ಜಾಗ ಒಂದು, ಹೊರಗೆ ಕಾಣುವ ಜಾಗ ಇನ್ನೊಂದು. ನಡುವೆ ಎಷ್ಟು ದೂರ ಬೇಕಾದರೂ ಹರಿದಿರಬಹುದು.

ಕೊನೆಗೆ ಒಂದು ಬಿಸಿಲಿನ ದಿನ ನಾನೂ ತಮ್ಮನೂ ಕೂತು ಹುಡುಕಿದೆವು. ಅವನು ಟಾರ್ಚ್ ಹಿಡಿದು ಒಳಗೆ, ನಾನು ಪೈಪ್ ಹಿಡಿದು ಮೇಲೆ. ನೀರನ್ನು ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಬಿಡುತ್ತಾ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ಹರಿದ ನೀರು ಎಲ್ಲ ಕಡೆ ಒದ್ದೆ ಮಾಡಿಬಿಡುತ್ತದೆ, ಎಲ್ಲಿಂದ ಇಳಿಯಿತು ಅಂತ ಗೊತ್ತೇ ಆಗುವುದಿಲ್ಲ. ಒಂದೊಂದು ಜಾಗಕ್ಕೆ ಐದು ನಿಮಿಷ ಬಿಟ್ಟೆ. ಕಿಟಕಿಗೆ ಬಿಟ್ಟಾಗ ಒಳಗಿಂದ ಸದ್ದಿಲ್ಲ. ಡೆಕ್ಕಿನ ಅಂಚಿನ ರೇಲಿಂಗ್ ಕಂಬದ ಬುಡಕ್ಕೆ ಬಿಟ್ಟು ಮೂರು ನಿಮಿಷ ಆಗಿತ್ತೋ ಇಲ್ಲವೋ, "ಅಣ್ಣಾ, ನಿಲ್ಲಿಸು, ಬಂತು" ಅಂದ. ಕಿಟಕಿಗೂ ಆ ಕಂಬಕ್ಕೂ ಒಂದು ಮಾರು ದೂರ.

ಕಂಬದ ಬುಡದ ನಾಲ್ಕು ಬೋಲ್ಟ್ ಬಿಚ್ಚಿ ತಟ್ಟೆಯನ್ನು ಎತ್ತಿದೆ. ಕೆಳಗಿದ್ದ ಹಳೆಯ ಸಿಲಿಕೋನ್ ಒಂದೇ ತುಂಡಾಗಿ, ರಬ್ಬರ್ ಬಳೆಯ ಹಾಗೆ ಎದ್ದು ಬಂತು. ಅದು ಯಾವತ್ತೋ ಡೆಕ್ಕನ್ನು ಬಿಟ್ಟಿತ್ತು. ಸುಮ್ನೆ ತಟ್ಟೆಯ ಭಾರಕ್ಕೆ ಅಲ್ಲಿ ಕೂತಿತ್ತು, ಅಷ್ಟೇ. ತೂತಿನೊಳಗೆ ಸಣ್ಣ ಸ್ಕ್ರೂಡ್ರೈವರ್ ಹಾಕಿ ಕೆದಕಿದರೆ ಕಪ್ಪಗೆ, ನೆನೆದ ಮರದ ಹೊಟ್ಟಿನಂಥದ್ದು ಬಂತು. ಬೆರಳಲ್ಲಿ ಹಿಂಡಿದರೆ ಕಂದು ನೀರು. ಹೊರಗೆ ಥಳಕು, ಒಳಗೆ ಹುಳುಕು ಅಂತಾರಲ್ಲ, ಕಣ್ಣಾರೆ ಕಂಡೆ. ಬೋಲ್ಟುಗಳ ತಲೆ ಹೊಳೆಯುತ್ತಿದ್ದವು. ಆದರೆ ಡೆಕ್ಕಿನೊಳಗೆ ಇದ್ದ ಭಾಗದಲ್ಲಿ ತುಕ್ಕಿನ ಸಣ್ಣ ಸಣ್ಣ ಗುಳಿ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದೆ ಉಳಿಯಬೇಕಾದರೆ ಅದಕ್ಕೆ ಗಾಳಿಯ ಆಮ್ಲಜನಕ ಬೇಕು. ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ನಿಂತರೆ ಅದೂ ಒಳಗಿಂದೊಳಗೇ ತಿಂದುಹೋಗುತ್ತದೆ. ಆ ನಾಲ್ಕೂ ಬೋಲ್ಟುಗಳನ್ನು ಎಸೆದು ಹೊಸವು ತಂದೆ.

ಇನ್ನು ಯಾವ ಸೀಲಂಟ್, ಅಂದರೆ ನೀರು ಇಳಿಯದ ಹಾಗೆ ಸಂದಿ ಮುಚ್ಚುವ ಅಂಟು, ಅನ್ನುವ ವಿಷಯ. ನಾನು ಮೊದಲು ಮಾಡಿದ ತಪ್ಪು, "ಯಾವುದು ಗಟ್ಟಿ" ಅಂತ ಕೇಳಿದ್ದು. ಕೇಳಬೇಕಾದ್ದು "ಇದನ್ನು ಮುಂದೆ ಬಿಚ್ಚಬೇಕಾಗುತ್ತಾ" ಅಂತ. ಈ ಪಾಠ ಬೇರೆ ಕಡೆ ಕಲಿತಿದ್ದೆ. ಹಿಂದೊಮ್ಮೆ ಹಗ್ಗ ಕಟ್ಟುವ ಕ್ಲೀಟ್ ಒಂದನ್ನು ಇದ್ದುದರಲ್ಲೇ ಗಟ್ಟಿಯಾದ ಪಾಲಿಯುರೆಥೇನ್ ಹಾಕಿ ಕೂರಿಸಿದ್ದೆ. ಕ್ಲೀಟ್ ಬಾಗಿದಾಗ ಬದಲಾಯಿಸಲು ಹೋದರೆ ಬೋಲ್ಟುಗಳು ಬಂದವು, ಕ್ಲೀಟ್ ಬರಲಿಲ್ಲ. ಉಳಿ ಹಾಕಿ ಎಬ್ಬಿಸಿದಾಗ ಅದರ ಜೊತೆ ಅಂಗೈಯಗಲದ ಜೆಲ್‌ಕೋಟ್ (ಫೈಬರಿನ ಮೇಲಿನ ನಯವಾದ ಹೊರಪದರ) ಚಕ್ಕೆಯೂ ಎದ್ದು ಬಂತು. ಅಂಟು ಡೆಕ್ಕಿಗಿಂತ ಗಟ್ಟಿಯಾಗಿತ್ತು. ಅಂಥದ್ದನ್ನು ಬಿಡಿಸಲೇಬೇಕಾದರೆ ಹೀಟ್ ಗನ್ನಿನಿಂದ ಹದವಾಗಿ ಬಿಸಿ ಮಾಡುತ್ತಾ, ತೆಳು ಸ್ಟೀಲ್ ತಂತಿಯನ್ನು ಅಡಿಯಲ್ಲಿ ತೂರಿಸಿ ಗರಗಸದ ಹಾಗೆ ಆಚೀಚೆ ಎಳೆಯಬೇಕು. ಬಲಪ್ರಯೋಗ ಬೇಡ. ಇದು ನನಗೆ ಆಮೇಲೆ ಗೊತ್ತಾಯಿತು.

ಈಗ ನನ್ನ ಲೆಕ್ಕ ಹೀಗಿದೆ. ನೀರಿನ ಮಟ್ಟದ ಕೆಳಗಿನ ಕೆಲಸಕ್ಕೆ, ಮತ್ತೆ ಬಿಚ್ಚುವ ಮಾತೇ ಇಲ್ಲದ ಜೋಡಣೆಗೆ ಪಾಲಿಯುರೆಥೇನ್. ಅದರಲ್ಲೂ ದರ್ಜೆಗಳಿವೆ. ತ್ರೀಎಂ ಕಂಪನಿಯ 5200 ಶಾಶ್ವತ ಅಂಟಿನ ಗುಂಪು, 4200 ಅದಕ್ಕಿಂತ ಮೆದು, ಬಿಚ್ಚಲು ಸಾಧ್ಯ. ಇವು ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುವಂಥವು. ಸಾಮಾನ್ಯ 5200ರ ಮೇಲ್ಮೈ ಕೈಗೆ ಅಂಟದ ಹಾಗಾಗಲು 48 ಗಂಟೆ, ಪೂರ್ತಿ ಗಟ್ಟಿಯಾಗಲು 5ರಿಂದ 7 ದಿನ. ದೋಣಿಯನ್ನು ನಾಳೆ ನೀರಿಗೆ ಬಿಡಬೇಕು ಅನ್ನುವ ಅವಸರದಲ್ಲಿ ಇವತ್ತು ಹಚ್ಚುವ ವಸ್ತುವಲ್ಲ. ದೋಣಿಯ ಒಡಲಿಗೆ (ಹಲ್) ಕಂಚಿನ ಫಿಟ್ಟಿಂಗ್ ಕೂರಿಸಿದಾಗ ನಾನು ಪೂರ್ತಿ ಒಂದು ವಾರ ಕಾದೆ. ಇನ್ನೊಂದು ಮಾತು, ಇದರ ಆವಿ ಉಸಿರಿಗೆ ಒಳ್ಳೆಯದಲ್ಲ. ಕಿಟಕಿ ಬಾಗಿಲು ತೆರೆದಿಟ್ಟು, ನೈಟ್ರೈಲ್ ಕೈಗವಸು ಹಾಕಿಕೊಂಡೇ ಕೆಲಸ ಮಾಡಿ.

ಪಾಲಿಸಲ್ಫೈಡ್ ಹಳೆಯ ನಂಬಿಕಸ್ಥ. ತೇಗದ ಹಲಗೆಗಳ ಸಂದಿಗೆ, ಇಂಧನ ತುಂಬುವ ಮುಚ್ಚಳದ ಸುತ್ತ, ನೀರಿನ ಕೆಳಗೆ, ಎಲ್ಲಕ್ಕೂ ಆಗುತ್ತದೆ. ಪೆಟ್ರೋಲ್, ಡೀಸೆಲ್ ತಾಗಿದರೂ ಜಗ್ಗುವುದಿಲ್ಲ. ವಿಮಾನದ ಇಂಧನ ಟ್ಯಾಂಕುಗಳ ಸಂದಿಗೂ ಇದೇ ಜಾತಿಯದನ್ನು ಬಳಸುತ್ತಾರೆ. ಆದರೆ ಪ್ಲಾಸ್ಟಿಕ್‌ಗೆ ಮಾತ್ರ ಬೇಡವೇ ಬೇಡ. ಅಕ್ರಿಲಿಕ್, ಪಾಲಿಕಾರ್ಬೊನೇಟ್, ಪಿವಿಸಿ, ಎಬಿಎಸ್ ಇವುಗಳನ್ನು ತಿಂದು ಬಿರುಕು ಬಿಡಿಸುತ್ತದೆ.

ಸಿಲಿಕೋನನ್ನು ನಾನು ಡೆಕ್ಕಿನಿಂದ ಪೂರ್ತಿ ಹೊರಗಿಟ್ಟಿದ್ದೇನೆ. ಅದು ಅಂಟಿಗಿಂತ ಜಾಸ್ತಿ ಒಂದು ವಾಷರ್ ಥರ ಕೆಲಸ ಮಾಡುತ್ತದೆ. ಗಾಜು, ಪ್ಲಾಸ್ಟಿಕ್ ನಡುವೆ ಗಟ್ಟಿಯಾಗಿ ಒತ್ತಿ ಹಿಡಿದ ಕಡೆ ಸರಿ. ದೊಡ್ಡ ತೊಂದರೆ ಏನೆಂದರೆ, ಅದು ಎದ್ದು ಹೋದ ಮೇಲೂ ಕಣ್ಣಿಗೆ ಕಾಣದ ಪೊರೆಯೊಂದನ್ನು ಬಿಟ್ಟು ಹೋಗುತ್ತದೆ. ಅದರ ಮೇಲೆ ಬೇರೆ ಸೀಲಂಟ್ ಹಿಡಿಯುವುದಿಲ್ಲ, ಬಣ್ಣ ಹಿಡಿಯುವುದಿಲ್ಲ. ನನ್ನ ಕಿಟಕಿಯ ಸುತ್ತ ಎರಡು ವರ್ಷ ಬಳಿದಿದ್ದನ್ನು ಬ್ಲೇಡಿನಿಂದ ಕೆರೆದು, ಸಿಲಿಕೋನ್ ಕರಗಿಸುವ ದ್ರಾವಣ ಹಚ್ಚಿ, ಮತ್ತೆ ಉಜ್ಜಿ ತೆಗೆಯಲು ಎರಡು ದಿನ ಹಿಡಿಯಿತು. ಒರೆಸಿದ ಮೇಲೆ ನೀರು ಚಿಮುಕಿಸಿ ನೋಡುತ್ತಿದ್ದೆ. ನೀರು ಹನಿ ಹನಿಯಾಗಿ ನಿಂತರೆ ಸಿಲಿಕೋನ್ ಇನ್ನೂ ಇದೆ, ತೆಳ್ಳಗೆ ಹರಡಿದರೆ ಹೋಗಿದೆ ಅಂತ ಲೆಕ್ಕ.

ರೇಲಿಂಗ್ ಕಂಬ, ಕ್ಲೀಟ್, ರಾಟೆಯ ಬುಡ, ಇಂಥ ಬೋಲ್ಟ್ ಹಾಕಿ ಕೂರಿಸುವ ಡೆಕ್ಕಿನ ಸಾಮಾನುಗಳಿಗೆ ನಾನು ಆರಿಸಿಕೊಂಡಿದ್ದು ಬ್ಯೂಟೈಲ್ ಟೇಪ್, ಅಂದರೆ ಸುರುಳಿಯಾಗಿ ಸಿಗುವ ಜಿಗುಟು ರಬ್ಬರ್ ಪಟ್ಟಿ. ಇದು ಎಂದೂ ಗಟ್ಟಿಯಾಗುವುದಿಲ್ಲ. ಕಂಬ ಅಲುಗಾಡಿದರೆ ಅದರ ಜೊತೆ ಜಗ್ಗಿ ಮತ್ತೆ ಕೂರುತ್ತದೆ. ಬೇಕಾದಾಗ ಬಿಚ್ಚಬಹುದು. ಅವಸರವೂ ಇಲ್ಲ, ಟ್ಯೂಬ್ ಒಣಗುವ ಚಿಂತೆಯೂ ಇಲ್ಲ. ಅದರ ಮಿತಿಯನ್ನೂ ಹೇಳಿಬಿಡುತ್ತೇನೆ. ನೀರಿನ ಮಟ್ಟದ ಕೆಳಗೆ ಬೇಡ. ಪೆಟ್ರೋಲ್ ತಾಗುವ ಕಡೆ ಬೇಡ, ಕರಗಿ ಹೋಗುತ್ತದೆ. ಬೋಲ್ಟಿನ ಒತ್ತಡ ಇಲ್ಲದೆ ಬರೀ ಅಂಟಿನ ಮೇಲೆ ನಿಲ್ಲಬೇಕಾದ ವಸ್ತುವಿಗೂ ಬೇಡ.

ಸೀಲಂಟ್ ಆರಿಸಿದ್ದಾಯಿತು, ಆದರೆ ಕೊಳೆತ ಮರದ ಮೇಲೆ ಏನು ಹಚ್ಚಿದರೂ ವ್ಯರ್ಥ ಅಲ್ವಾ? ನನ್ನ ಸಮಯ ಹೆಚ್ಚು ಹೋಗಿದ್ದೇ ತೂತುಗಳ ಹಿಂದೆ. 6 ಮಿಮೀ ಬೋಲ್ಟಿನ ತೂತನ್ನು ಮೇಲಿನ ಹಾಳೆಯಲ್ಲಿ 12 ಮಿಮೀಗೆ ದೊಡ್ಡದು ಮಾಡಿದೆ. ಒಂದು ಮೊಳೆಯನ್ನು ಮೂಲೆಗೆ ಬಗ್ಗಿಸಿ, ಡ್ರಿಲ್ಲಿಗೆ ಸಿಕ್ಕಿಸಿ, ನಿಧಾನಕ್ಕೆ ತಿರುಗಿಸಿದರೆ ಹಾಳೆಗಳ ನಡುವಿನ ಮೆತ್ತಗಾದ ಬಾಲ್ಸಾ ಪುಡಿಯಾಗಿ ಬರುತ್ತದೆ. ಬಿಳಿ, ಗಟ್ಟಿ ಮರ ಸಿಗುವ ತನಕ ಕೆದಕಿದೆ. ಮೂರು ತೂತುಗಳಲ್ಲಿ ಬೇಗ ಸಿಕ್ಕಿತು. ನಾಲ್ಕನೆಯದರಲ್ಲಿ ನಾಲ್ಕು ಬೆರಳಿನಷ್ಟು ಒಳಗೆ ಹೋಗಬೇಕಾಯಿತು. ಆಮೇಲೆ ಒಂದು ವಾರ ಹಾಗೇ ಒಣಗಲು ಬಿಟ್ಟೆ. ರಾತ್ರಿ ಮೇಲೊಂದು ಹೊದಿಕೆ, ಹಗಲು ಬಿಸಿಲು. ಒದ್ದೆ ಮರದ ಮೇಲೆ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ರಾಳ) ಹುಯ್ದರೆ ನೀರನ್ನು ಒಳಗೇ ಕೂಡಿಹಾಕಿದ ಹಾಗೆ.

ಒಣಗಿದ ಮೇಲೆ ಕೆಳಗಿನಿಂದ ಟೇಪ್ ಹಚ್ಚಿ ತೂತು ಮುಚ್ಚಿದೆ. ಮೊದಲು ತೆಳು ಎಪಾಕ್ಸಿ ಹುಯ್ದು ಮರ ಕುಡಿಯಲು ಬಿಟ್ಟೆ. ಆಮೇಲೆ ಸಿಲಿಕಾ ಪುಡಿ ಕಲಸಿ ಮಂದ ಮಾಡಿದ ಎಪಾಕ್ಸಿಯನ್ನು ಸಿರಿಂಜಿನಿಂದ ತುಂಬಿದೆ. ಗಟ್ಟಿಯಾದ ಮೇಲೆ ಅದರ ನಟ್ಟನಡುವೆ ಮತ್ತೆ ಬೋಲ್ಟಿನ ಅಳತೆಯ ತೂತು ಕೊರೆದೆ. ಈಗ ಬೋಲ್ಟಿನ ಸುತ್ತ ಎಪಾಕ್ಸಿಯ ಗೋಡೆ. ಮುಂದೆ ಸೀಲಂಟ್ ಸೋತರೂ ನೀರು ಮರವನ್ನು ಮುಟ್ಟುವುದಿಲ್ಲ.

ಇದಾದ ಮೇಲೆ ಒಂದು ಸಣ್ಣ ಕೆಲಸ. ಕೌಂಟರ್‌ಸಿಂಕ್ ಬಿಟ್ ಹಾಕಿ ತೂತಿನ ಬಾಯಿಯನ್ನು ಆಲಿಕೆಯ ಹಾಗೆ ಸ್ವಲ್ಪ ಅಗಲ ಮಾಡುವುದು. ಎರಡು ನಿಮಿಷದ ಕೆಲಸ ಅಂತ ಇದನ್ನು ಬಿಡುವವರೇ ಜಾಸ್ತಿ. ಹಾಗೆ ಮಾಡದಿದ್ದರೆ, ಬಿಗಿ ಮಾಡಿದಾಗ ತಟ್ಟೆಯ ಅಡಿಯಲ್ಲಿದ್ದ ಸೀಲಂಟ್ ಎಲ್ಲ ಹೊರಗೆ ಹಿಂಡಿ ಹೋಗಿ ಕಾಗದದಷ್ಟು ತೆಳು ಪದರ ಉಳಿಯುತ್ತದೆ. ಆ ಆಲಿಕೆ ಇದ್ದರೆ ಬೋಲ್ಟಿನ ಕುತ್ತಿಗೆಯ ಸುತ್ತ ಸೀಲಂಟಿನ ದಪ್ಪ ಉಂಗುರ ಉಳಿಯುತ್ತದೆ. ನೀರನ್ನು ತಡೆಯುವುದು ಆ ಉಂಗುರ.

ಒರೆಸುವುದಕ್ಕೆ ಎರಡು ಬಟ್ಟೆ ಇಟ್ಟುಕೊಳ್ಳಿ. ಒಂದರಲ್ಲಿ ಅಸಿಟೋನ್, ಇನ್ನೊಂದು ಒಣದು. ಅಸಿಟೋನ್ ಆವಿಯಾಗುವ ಮೊದಲೇ ಒಣ ಬಟ್ಟೆಯಿಂದ ಎತ್ತಿಬಿಡಬೇಕು. ಇಲ್ಲದಿದ್ದರೆ ಕರಗಿದ ಜಿಡ್ಡು ಅಲ್ಲೇ ಮತ್ತೆ ಕೂರುತ್ತದೆ. ಅಕ್ರಿಲಿಕ್ ಮೇಲೆ ಅಸಿಟೋನ್ ಹಾಕಬೇಡಿ, ಕೂದಲೆಳೆಯಂಥ ಬಿರುಕು ಬರುತ್ತದೆ. ಪಾಲಿಯುರೆಥೇನ್ ಹಚ್ಚುವ ಜಾಗವನ್ನು ಆಲ್ಕೋಹಾಲ್‌ನಿಂದ ಒರೆಸಬೇಡಿ. ಆಲ್ಕೋಹಾಲ್ ಉಳಿದರೆ ಪಾಲಿಯುರೆಥೇನ್ ಗಟ್ಟಿಯಾಗುವುದೇ ಇಲ್ಲ, ಜಿಗುಟಾಗಿಯೇ ಉಳಿದುಬಿಡುತ್ತದೆ. ಹಚ್ಚಿದ ಅಂಚನ್ನು ಬೆರಳಲ್ಲಿ ನಯ ಮಾಡಲು ಆಲ್ಕೋಹಾಲ್ ಅದ್ದಿಕೊಳ್ಳುವವರಿಗೂ ಇದೇ ಮಾತು.

ಬ್ಯೂಟೈಲ್ ಹಾಕಿದ್ದು ಹೀಗೆ. ಸುರುಳಿಯಿಂದ ಒಂದು ಗೇಣು ಕತ್ತರಿಸಿ, ಅಂಗೈಯಲ್ಲಿ ಬತ್ತಿ ಹೊಸೆದ ಹಾಗೆ ಹೊಸೆದೆ. ಒಂದೊಂದು ಬೋಲ್ಟಿನ ತಲೆಯ ಕೆಳಗೆ ಅದನ್ನು ಎರಡು ಸುತ್ತು ಸುತ್ತಿ, ಮೇಲೆ ಅಗಲ, ಕೆಳಗೆ ಚೂಪು ಬರುವ ಹಾಗೆ ಒತ್ತಿದೆ. ತಟ್ಟೆಯ ಅಡಿಗೆ ಪೂರ್ತಿ ಹರಡಿ, ಪ್ರತಿ ತೂತಿನ ಸುತ್ತ ಇನ್ನೊಂದು ಚಿಕ್ಕ ಬಳೆ ಇಟ್ಟೆ. ಗಾಳಿಗುಳ್ಳೆ ಸಿಕ್ಕಿಕೊಳ್ಳದ ಹಾಗೆ ನಡುವೆ ದಪ್ಪ, ಅಂಚಿಗೆ ತೆಳು ಇರಲಿ. ತಟ್ಟೆಯನ್ನು ಕೂರಿಸಿ ಬೋಲ್ಟ್ ಇಳಿಸಿದೆ. ಕೆಳಗೆ ಅಗಲವಾದ ಪಟ್ಟಿ, ವಾಷರ್, ನಟ್.

ಬಿಗಿ ಮಾಡುವಾಗ ಬೋಲ್ಟನ್ನು ತಿರುಗಿಸಬಾರದು. ಮೇಲೆ ನಾನು ಸ್ಕ್ರೂಡ್ರೈವರ್ ಒತ್ತಿ ಬೋಲ್ಟ್ ಅಲುಗದ ಹಾಗೆ ಹಿಡಿದೆ, ಕೆಳಗೆ ತಮ್ಮ ಸ್ಪ್ಯಾನರಿನಿಂದ ನಟ್ ತಿರುಗಿಸಿದ. ಬೋಲ್ಟ್ ತಿರುಗಿದರೆ ಕುತ್ತಿಗೆಯ ಸುತ್ತ ಕೂತ ಸೀಲಂಟ್ ಹರಿದುಹೋಗುತ್ತದೆ. "ಇನ್ನೂ ಎಳೀಲಾ ಅಣ್ಣಾ" ಅಂತ ಅವನು ಕೇಳಿದಾಗ ಬೇಡ ಅಂದೆ. ಬ್ಯೂಟೈಲ್ ನಿಧಾನಕ್ಕೆ ಹರಿಯುವ ವಸ್ತು, ಒಂದೇ ದಿನ ಪೂರ್ತಿ ಎಳೆಯುವಂತಿಲ್ಲ. ಅಂಚಿನಿಂದ ಸುತ್ತಲೂ ಬೂದು ಬಣ್ಣದ ಎಳೆ ಇಣುಕಿದಾಗ ನಿಲ್ಲಿಸಿದೆವು. ಮಾರನೇ ದಿನ ಮಧ್ಯಾಹ್ನ, ಡೆಕ್ ಬಿಸಿಯಾದ ಹೊತ್ತಿಗೆ ಅರ್ಧ ಸುತ್ತು. ಮೂರನೇ ದಿನ ಮತ್ತೆ ಕಾಲು ಸುತ್ತು. ಇನ್ನು ಹೊರಗೆ ಬರುವುದಿಲ್ಲ ಅನ್ನಿಸಿದ ಮೇಲೆ ಹೊರಬಂದಿದ್ದನ್ನು ಪ್ಲಾಸ್ಟಿಕ್ ಚಮಚದ ಹಿಡಿಯಿಂದ ಕತ್ತರಿಸಿ ತೆಗೆದೆ. ತೆಗೆದದ್ದನ್ನೇ ಉಂಡೆ ಮಾಡಿ ಅಂಟಿಸಿ ಎತ್ತಿದರೆ ಉಳಿದ ಚೂರೂ ಬರುತ್ತದೆ.

ಕಿಟಕಿ ಸೋರದಿದ್ದರೂ ಸಿಲಿಕೋನ್ ಕೆರೆದಿದ್ದರಿಂದ ಅದನ್ನೂ ಹೊಸದಾಗಿ ಕೂರಿಸಬೇಕಾಯಿತು. ಕಿಟಕಿಯ ಹಾಳೆ ಅಕ್ರಿಲಿಕ್, ಬಿಸಿಗೆ ಚೆನ್ನಾಗಿ ಹಿಗ್ಗುತ್ತದೆ. 1 ಮೀಟರ್ ಉದ್ದದ ಹಾಳೆ 30 ಡಿಗ್ರಿ ಬಿಸಿ ಏರಿದರೆ ಸುಮಾರು 2 ಮಿಮೀ ಉದ್ದವಾಗುತ್ತದೆ. ಹಾಗಾಗಿ ಅದರ ಬೋಲ್ಟ್ ತೂತುಗಳನ್ನು ಬೋಲ್ಟಿಗಿಂತ ದೊಡ್ಡದು ಮಾಡಿ, ಚೌಕಟ್ಟಿನ ಅಡಿಗೆ ಬ್ಯೂಟೈಲನ್ನೇ ಹಾಕಿದೆ. ಹಿಗ್ಗಲು ಕುಗ್ಗಲು ಜಾಗ ಸಿಕ್ಕಿತು.

ಮುಂದಿನ ದೊಡ್ಡ ಮಳೆಗೆ ಮೊದಲು ಕಂಬದ ಬುಡದ ಕೆಳಗೆ, ಒಳಗಡೆ, ನಾಲ್ಕೂ ನಟ್ಟುಗಳ ಸುತ್ತ ಟಿಶ್ಯೂ ಕಾಗದ ಸುತ್ತಿ ದಾರ ಕಟ್ಟಿದೆ. ಒಂದು ತೊಟ್ಟು ಬಿದ್ದರೂ ಕಾಗದದಲ್ಲಿ ಕಲೆ ಉಳಿಯುತ್ತದೆ, ಒಣಗಿದ ಮೇಲೂ ಕಾಣುತ್ತದೆ. ರಾತ್ರಿಯಿಡೀ ಸುರಿಯಿತು. ಬೆಳಿಗ್ಗೆ ಹಾಸಿಗೆ ಮುಟ್ಟುವ ಮೊದಲು ಟಾರ್ಚ್ ಹಾಕಿ ಕಾಗದಗಳನ್ನು ಒಂದೊಂದಾಗಿ ಬಿಚ್ಚಿದೆ. ನಾಲ್ಕೂ ಬೆಳ್ಳಗೆ, ಗರಿಗರಿಯಾಗಿದ್ದವು. ಡೆಕ್ಕಿನ ಮೇಲೆ ಇನ್ನೂ ಹನ್ನೊಂದು ಕಂಬಗಳಿವೆ. ಎಲ್ಲದರ ಅಡಿಯಲ್ಲೂ ಅದೇ ಹಳೆಯ ಸಿಲಿಕೋನ್. ಆವತ್ತೇ ಎರಡನೆಯದನ್ನು ಬಿಚ್ಚಲು ಶುರು ಮಾಡಿದೆ.